ಎಲ್ಲಿ ನಿಂತು ತಗದಿ?

(ಗಂಗಾವತಿ ತಾಲ್ಲೂಕಿನ ಸರ್ಕಾರಿ ಪ್ರೌಢಶಾಲೆಯೊಂದರಲ್ಲಿ, ಅಲ್ಲೇ ಓದಿ ಈಗ ದ್ವಿತೀಯ ಪಿಯುಸಿಯಲ್ಲಿರುವ ಹಳೆಯ ವಿದ್ಯಾರ್ಥಿನಿ ಒಂಬತ್ತನೆಯ ತರಗತಿಯ ಮಕ್ಕಳು ಮತ್ತು ಪಾಲಕರ ಮುಂದೆ ಆಡಿದ ಮಾತುಗಳ ಬರಹ ರೂಪ.)

ಈ ಶಾಲೆಯಲ್ಲಿ ನಾನು ಫೋಟೋಗ್ರಫಿ ಕಲಿತೆ ಅಂತ ನನ್ನನ್ನು ಮಾತಾಡಲು ಕರೆಸಿದ್ದಾರೆ. ನಿನ್ನೆ ರಾತ್ರಿ ಕೂತು ಲೆಕ್ಕ ಹಾಕಿದೆ. ಒಂಬತ್ತನೇ ತರಗತಿಯ ಇಡೀ ವರ್ಷ ನಾನು ಒತ್ತಿದ್ದು 27 ಕ್ಲಿಕ್. ಕ್ಯಾಮೆರಾ ನನ್ನ ಕೈಯಲ್ಲಿದ್ದದ್ದು ಎಲ್ಲಾ ಸೇರಿ ಎರಡು ತಾಸು ಆಗಿದ್ದರೆ ಹೆಚ್ಚು. ಇಲ್ಲಿ ಕೂತಿರುವ ನಿಮ್ಮಲ್ಲಿ ಯಾರಾದರೂ ನಿನ್ನೆ ಒಂದೇ ದಿನ ಅಣ್ಣನ ಫೋನಿನಲ್ಲಿ ಅದಕ್ಕಿಂತ ಹೆಚ್ಚು ಫೋಟೋ ತೆಗೆದಿರುತ್ತೀರಿ. ಹಾಗಾಗಿ ಫೋಟೋ ತೆಗೆದ ಕಥೆಗಿಂತ ತೆಗೆಯದೆ ಕಾದು ಕೂತ ಕಥೆಯೇ ನನ್ನ ಹತ್ತಿರ ಜಾಸ್ತಿ ಇದೆ.

ಲೆಕ್ಕ ಹೀಗಿತ್ತು. ನಾವು 46 ಮಕ್ಕಳು. ಕ್ಯಾಮೆರಾ ಒಂದು. ಅದೂ ಚಿತ್ರಕಲೆ ಸರ್ ತಮ್ಮ ಸ್ವಂತ ದುಡ್ಡಿನಲ್ಲಿ ತಂದ ಸೆಕೆಂಡ್ ಹ್ಯಾಂಡ್ ಡಿಎಸ್‌ಎಲ್‌ಆರ್. ಶನಿವಾರ ಮುಂಜಾನೆ ಶಾಲೆ, ಕೊನೆಯ ಎರಡು ಪಿರಿಯಡ್ ಚಿತ್ರಕಲೆ. ಒಂದು ಶನಿವಾರಕ್ಕೆ 12 ಮಕ್ಕಳ ಪಾಳಿ, ತಲೆಗೆ ಮೂರು ಕ್ಲಿಕ್. ಹನ್ನೆರಡು ಮೂರಲೆ 36. ಹಳೇ ಕಾಲದ ಫಿಲ್ಮ್ ರೀಲಿನಲ್ಲಿ 36 ಫೋಟೋ ಬರುತ್ತಿದ್ದವು, ಅದಕ್ಕೇ ಹಂಗೆ ಅಂತ ಸರ್ ಹೇಳುತ್ತಿದ್ದರು. ಕಾರ್ಡಿನಲ್ಲಿ ಸಾವಿರ ಫೋಟೋ ಹಿಡಿಯುವ ಜಾಗ ಇತ್ತು, ನಮಗೂ ಗೊತ್ತಿತ್ತು. ಆದರೂ ಮೂರೇ. ನಮ್ಮ ಪಾಳಿ ತಿರುಗಿ ಬರಲು ಒಂದು ತಿಂಗಳು.

ಇನ್ನೊಂದು ಕಟ್ಟಳೆ ಇತ್ತು. ಆ ಲೆನ್ಸು 18ರಿಂದ 55 ಮಿಲಿಮೀಟರ್‌ವರೆಗೆ ತಿರುಗುವ ಝೂಮ್ ಲೆನ್ಸು. ಸರ್ ಅದನ್ನು 35ಕ್ಕೆ ನಿಲ್ಲಿಸಿ ಮೇಲೆ ಕರೇ ಇನ್ಸುಲೇಷನ್ ಟೇಪ್ ಸುತ್ತಿಬಿಟ್ಟಿದ್ದರು. ವೈರ್‌ಮನ್‌ಗಳು ಸುತ್ತುತ್ತಾರಲ್ಲ, ಅದೇ ಟೇಪು. ದೊಡ್ಡದಾಗಿ ಕಾಣಬೇಕೆಂದರೆ ನಡೆದು ಹತ್ತಿರ ಹೋಗಬೇಕು, ಸಣ್ಣದಾಗಿ ಕಾಣಬೇಕೆಂದರೆ ಹಿಂದೆ ಸರಿಯಬೇಕು. ಬಿಸಿಲಿಗೆ ಆ ಟೇಪಿನ ಅಂಟು ಕರಗಿ ಬೆರಳಿಗೆಲ್ಲ ಮೆತ್ತುತ್ತಿತ್ತು. ಶನಿವಾರ ಮಧ್ಯಾಹ್ನ ಯಾರ ಬೆರಳು ಕಪ್ಪಗಿವೆಯೋ ಅವರ ಪಾಳಿ ಇತ್ತು ಅಂತ ಊರಿಗೇ ಗೊತ್ತಾಗುತ್ತಿತ್ತು.

ಕ್ಯಾಮೆರಾ ಬರುವ ಮೊದಲು, ಜೂನ್‌ನಲ್ಲಿ, ಸರ್ ನಮ್ಮ ಕೋಣೆಯನ್ನೇ ಕ್ಯಾಮೆರಾ ಮಾಡಿದರು. ಅಗೋ, ಮೂಲೆಯಲ್ಲಿ ಕಾಣುತ್ತಲ್ಲ, ಆ ಕೋಣೆ. ಕಿಟಕಿಗಳಿಗೆ ಅಕ್ಕಿ ಮಿಲ್ಲಿನ ಗೋಣಿಚೀಲ, ಅದರ ಮೇಲೆ ರಟ್ಟು, ಸಂದಿಗಳಿಗೆಲ್ಲ ಒದ್ದೆ ಹಾಳೆ. ಒಂದು ರಟ್ಟಿನಲ್ಲಿ ಮಾತ್ರ ಎಂಟಾಣೆಗಿಂತ ಸಣ್ಣ ತೂತು. ಬಾಗಿಲು ಹಾಕಿ ನಮ್ಮನ್ನೆಲ್ಲ ಕೂಡಿಸಿದರು. ಐದು ನಿಮಿಷ ಏನೂ ಕಾಣಲಿಲ್ಲ. ಸೆಕೆ, ಬೆವರು, ಹಿಂದಿನ ಬೆಂಚಿನಲ್ಲಿ ಯಾರೋ ಬೆಕ್ಕಿನ ಹಂಗೆ ಕೂಗಿದರು. "ಸುಮ್ಮ ಕುಂದರ್ರಿ, ಕಣ್ಣು ಕತ್ತಲಿಗೆ ಹೊಂದಬೇಕು" ಅಂದರು ಸರ್. ಆಮೇಲೆ ನಿಧಾನಕ್ಕೆ ಎದುರು ಗೋಡೆಯ ಮೇಲೆ ಹಸಿರು ಬಂತು. ನಮ್ಮ ಬೇವಿನ ಮರ, ತಲೆಕೆಳಗೆ. ಆಕಾಶ ನೆಲದಲ್ಲಿತ್ತು. ಯಾರದೋ ಎರಡು ಆಡು ಸೂರಿನ ಹತ್ತಿರ ಕಾಲು ಮೇಲೆ ಮಾಡಿಕೊಂಡು ನಡೆದು ಹೋದವು. ಬಸ್ಸು ಬಂತು, ಅದೂ ಅಂಗಾತ. ಬಣ್ಣ ಸಮೇತ.

ಬೆಳಕು ನೆಟ್ಟಗೆ ಬರುತ್ತದೆ. ಮರದ ತುದಿಯಿಂದ ಬಂದದ್ದು ತೂತಿನೊಳಗೆ ಇಳಿಜಾರಾಗಿ ನುಗ್ಗಿ ಗೋಡೆಯ ಕೆಳಗೆ ಬಡಿಯುತ್ತದೆ, ಬುಡದಿಂದ ಬಂದದ್ದು ಮೇಲೆ ಬಡಿಯುತ್ತದೆ. ಇಷ್ಟೇ ವಿಷಯ. ವಿಜ್ಞಾನದ ಪುಸ್ತಕದಲ್ಲಿ ಗೆರೆ ಎಳೆದು ತೋರಿಸಿರುತ್ತಾರೆ, ನಾನು ಅದನ್ನು ಬಾಯಿಪಾಠ ಮಾಡಿ ಅಂಕವನ್ನೂ ತಗೊಂಡಿದ್ದೆ. ಆಡು ಸೂರಿನ ಮೇಲೆ ನಡೆದ ದಿನ ಅದು ಅರ್ಥ ಆಯಿತು. ಡಿಸೆಂಬರಿನಲ್ಲಿ ಕಡೇಬಾಗಿಲು ಸೇತುವೆ ದಾಟಿ ಹಂಪಿಗೆ ಹೋದಾಗ ವಿರೂಪಾಕ್ಷ ಗುಡಿಯ ಹಿಂಬದಿಯ ಕತ್ತಲೆ ಕೋಣೆಯಲ್ಲಿ ರಾಜಗೋಪುರದ ನೆರಳು ತಲೆಕೆಳಗಾಗಿ ಬೀಳುವುದನ್ನು ಗೈಡ್ ಒಬ್ಬರು ಪವಾಡದ ಧಾಟಿಯಲ್ಲಿ ಹೇಳುತ್ತಿದ್ದರು. ನಮ್ಮ ತರಗತಿಯ ಹುಡುಗ ಒಬ್ಬ "ನಮ್ಮ ಸಾಲ್ಯಾಗೂ ಬೀಳತೈತ್ರಿ, ಆಡು ಸೈತ ಕಾಣತಾವ" ಅಂದ. ಗೈಡ್ ಮುಖ ನೋಡಬೇಕಿತ್ತು.

ಆಮೇಲೆ ಅಪರ್ಚರ್, ಶಟರ್, ಐಎಸ್‌ಓ. ಈ ಮೂರರ ಹೆಸರು ಕೇಳಿಯೇ ಅರ್ಧ ಜನ ಆಕಳಿಸುತ್ತಾರೆ. ಸರ್ ನಮ್ಮನ್ನು ಎಡದಂಡೆ ಕಾಲುವೆಯ ಒಂದು ತೂಬಿನ ಹತ್ತಿರ ಕರೆದೊಯ್ದರು. ಬೆಳಕನ್ನು ನೀರು ಅಂದುಕೊಳ್ಳಿ. ತೂಬನ್ನು ಎಷ್ಟು ಎತ್ತಿದಿ ಅನ್ನುವುದು ಅಪರ್ಚರ್, ಅಂದರೆ ಲೆನ್ಸಿನೊಳಗಿನ ತೂತು. ಎಷ್ಟು ಹೊತ್ತು ಎತ್ತಿದಿ ಅನ್ನುವುದು ಶಟರ್. ಸ್ವಲ್ಪ ಎತ್ತಿ ಬಹಳ ಹೊತ್ತು ಬಿಟ್ಟರೂ ಮಡಿ ತುಂಬುತ್ತದೆ, ಪೂರ್ತಿ ಎತ್ತಿ ಚೂರು ಹೊತ್ತು ಬಿಟ್ಟರೂ ತುಂಬುತ್ತದೆ. ನೀರಿನ ಪಾಳಿಗಾಗಿ ರಾತ್ರಿ ಎರಡಕ್ಕೆ ಅಪ್ಪನ ಜೊತೆ ಬ್ಯಾಟರಿ ಹಿಡಿದು ಹೋದ ಮಕ್ಕಳು ನಾವು, ತಟ್ಟನೆ ಹಿಡಿದುಬಿಟ್ಟೆವು. ಐಎಸ್‌ಓ ವಿಷಯಕ್ಕೆ ಬಂದಾಗ ಮಾತ್ರ ಸರ್ ಸಿಕ್ಕಿಬಿದ್ದರು. "ಎರಿ ಮಣ್ಣು, ಮಸಾರಿ ಮಣ್ಣು ಇರ್ತಾವಲ್ಲ, ಯಾವುದು ಎಷ್ಟು ಬೇಗ ನೀರು ಕುಡಿತೈತಿ ಅನ್ನೋದು ಐಎಸ್‌ಓ" ಅಂದರು. ಯಾವುದು ಬೇಗ ಕುಡಿಯುತ್ತದೆ ಅಂತ ಹುಡುಗರ ನಡುವೆ ಜಗಳ ಶುರುವಾಯಿತು. ಕಾಲುವೆಯ ಕೊನೇ ಭಾಗದ ಹೊಲದವನು ಒಬ್ಬ ಇದ್ದ. "ಮೊದಲು ನಮ್ಮ ತನಕ ನೀರು ಬರಲಿ ಸರ್, ಆಮ್ಯಾಲೆ ಮಣ್ಣಿನ ಮಾತು" ಅಂದ. ಆ ದಿನ ಪಾಠ ಅಲ್ಲಿಗೇ ನಿಂತಿತು.

ಅಪರ್ಚರ್ ತೂತಿನ ಅಳತೆ ಹೇಳುವ ಎಫ್ ನಂಬರಿನ ಗೊಂದಲವನ್ನೂ ಹೇಳಿಬಿಡುತ್ತೇನೆ, ಏಕೆಂದರೆ ನೀವೂ ಅಲ್ಲೇ ಎಡವುತ್ತೀರಿ. ನಂಬರ್ ದೊಡ್ಡದಾದರೆ ತೂತು ಸಣ್ಣದು. ಯಾಕೆ ಉಲ್ಟಾ? ಅದು ಭಾಗಾಕಾರ. ಲೆನ್ಸಿನ ಫೋಕಲ್ ಉದ್ದವನ್ನು ಆ ನಂಬರಿನಿಂದ ಭಾಗಿಸಿದರೆ ತೂತಿನ ಅಗಲ ಬರುತ್ತದೆ. ನಮ್ಮದು 35 ಮಿಲಿಮೀಟರ್. ಎಫ್ 5 ಇಟ್ಟರೆ 7 ಮಿಲಿಮೀಟರ್ ತೂತು. ಎಫ್ 16 ಇಟ್ಟರೆ ಎರಡು ಮಿಲಿಮೀಟರ್ ಚಿಲ್ಲರೆ, ಹೆಚ್ಚು ಕಡಿಮೆ ಒಂದು ಸಾಸಿವೆ ಕಾಳು. ನಮ್ಮ ಕಡೆಯ ಬಿರುಬಿಸಿಲಿಗೆ ಐಎಸ್‌ಓ 100, ಎಫ್ 16, ಶಟರ್ 1/100 ಸೆಕೆಂಡಿನ ಆಸುಪಾಸು ಇಟ್ಟರೆ ಸಾಕು, ಬೆಳಕು ಅಳೆಯುವ ಮೀಟರ್ ನೋಡದೆ ತೆಗೆಯಬಹುದು.

ಇದನ್ನೆಲ್ಲ ಗಡಗಡ ಹೇಳುವ ನಾನು ಜುಲೈ ಪಾಳಿಯಲ್ಲಿ ಏನು ಮಾಡಿದೆ ಗೊತ್ತೇ? ನನಗಿಂತ ಮೊದಲು ಕ್ಯಾಮೆರಾ ಹಿಡಿದವನು ಕೋಣೆಯೊಳಗೆ ತೆಗೆಯಲೆಂದು ಐಎಸ್‌ಓ 1600 ಇಟ್ಟಿದ್ದ, ಅಂದರೆ ಬೆಳಕನ್ನು ಬಹಳ ಬೇಗ ಕುಡಿಯುವ ಹಂಗೆ. ನಾನು ನೋಡದೆ ಅಂಗಳಕ್ಕೆ ಓಡಿ, ಎಫ್ 8, 1/125 ಅಂತ ಜಾಣೆಯ ಹಂಗೆ ತಿರುಗಿಸಿ, ಮೂರೂ ಕ್ಲಿಕ್ ಒತ್ತಿದೆ. ಪರದೆಯಲ್ಲಿ ನೋಡುತ್ತಾ ತೆಗೆಯುವಂತಿರಲಿಲ್ಲ, ಸರ್ ಅದರ ಮೇಲೆ ರಟ್ಟು ಅಂಟಿಸಿದ್ದರು. ಸೋಮವಾರ ಕಂಪ್ಯೂಟರಿನಲ್ಲಿ ಹಾಕಿದಾಗ ಮೂರೂ ಬಿಳಿ. ಒಗೆದ ಧೋತರದಷ್ಟು ಬಿಳಿ. ಒಂದರ ಮೂಲೆಯಲ್ಲಿ ಬೋರ್‌ವೆಲ್ ಹಿಡಿಕೆಯ ತುದಿ ಕಾಣುತ್ತಿತ್ತು. ನಾನು ಅತ್ತೆ, ಸುಳ್ಳು ಹೇಳುವುದಿಲ್ಲ. ಮತ್ತೆ ಒಂದು ತಿಂಗಳು.

ಆ ತಿಂಗಳು ನಾನು ಬರೀ ಬೆಳಕು ನೋಡಿದೆ. ಬೇರೆ ಏನು ಮಾಡಲಿಕ್ಕೆ ಸಾಧ್ಯ ಇತ್ತು? ನಮ್ಮೂರ ಹನುಮಪ್ಪನ ಗುಡಿಯ ಮುಂದೆ ಒಂದು ವೀರಗಲ್ಲು ಇದೆ, ಎಣ್ಣೆ ಕುಡಿದು ಕಪ್ಪಾಗಿದೆ. ಮಧ್ಯಾಹ್ನ ನೋಡಿದರೆ ಒಂದು ಕಲ್ಲು, ಅಷ್ಟೇ. ಏಳು ಗಂಟೆಯ ಮುಂಜಾನೆ ಹೋದರೆ ಬಿಸಿಲು ಪಕ್ಕದಿಂದ ಸವರಿಕೊಂಡು ಬರುತ್ತದೆ, ಕತ್ತಿ ಹಿಡಿದ ಕೈ ಎದ್ದು ಬರುತ್ತದೆ, ಮೇಲಿನ ಸಾಲಿನ ಅಪ್ಸರೆಯರ ಮೂಗು ಸೈತ. ಕೊಪ್ಪಳದ ಗವಿಮಠದ ಬಳಿ ಅಶೋಕನ ಶಾಸನ ಇದೆಯಲ್ಲ, ಅಂಥ ಅಕ್ಷರ ಓದುವವರೂ ಇದನ್ನೇ ಮಾಡುತ್ತಾರೆ, ಟಾರ್ಚನ್ನು ಎದುರಿಗೆ ಹಿಡಿಯದೆ ಪಕ್ಕದಿಂದ ಹಿಡಿಯುತ್ತಾರೆ. ನಾನು ಹುಟ್ಟಿದಾಗಿನಿಂದ ಆ ವೀರಗಲ್ಲಿನ ಮುಂದೆ ಓಡಾಡಿದವಳು. ಅದರ ಕೆಳಗಿನ ಸಾಲಿನಲ್ಲಿ ದನಗಳಿವೆ ಅಂತ ಆಗಲೇ ಗೊತ್ತಾದದ್ದು. ಊರಿನ ದನಗಳನ್ನು ಬಿಡಿಸಿಕೊಳ್ಳಲು ಹೋಗಿ ಸತ್ತವನ ಕಲ್ಲು ಅದು.

ಈಗ ಆಗಸ್ಟ್. ಇದನ್ನು ಹೇಳಬೇಕೋ ಬೇಡವೋ ಅಂತ ದಾರಿಯುದ್ದಕ್ಕೂ ಯೋಚಿಸಿಕೊಂಡು ಬಂದೆ.

ಕಾಲುವೆಗೆ ನೀರು ಬಿಟ್ಟಿದ್ದರು, ಎಲ್ಲಾ ಕಡೆ ನಾಟಿ. ನನ್ನ ಪಾಳಿಯಲ್ಲಿ ಶಾಲೆಯ ಹಿಂದಿನ ಗದ್ದೆಗೆ ಹೋದೆ. ಬದುವಿನ ಮೇಲೆ ನಿಂತೆ. ಒಂಬತ್ತು ಹೆಣ್ಣುಮಕ್ಕಳು ಸಾಲಾಗಿ ಬಾಗಿ ನಾಟಿ ಹಾಕುತ್ತಿದ್ದರು, ನೀರಿನಲ್ಲಿ ಆಕಾಶ ಬಿದ್ದಿತ್ತು, ಸೀರೆಗಳ ಬಣ್ಣ. ಈ ಸಲ ಐಎಸ್‌ಓ ನಾಲ್ಕು ಸಲ ನೋಡಿಕೊಂಡೆ. ಫೋಟೋ ಎಷ್ಟು ಚೆನ್ನಾಗಿ ಬಂತೆಂದರೆ ಸೋಮವಾರ ಕಂಪ್ಯೂಟರಿನಲ್ಲಿ ತೆರೆದಾಗ ಇಡೀ ತರಗತಿ "ಹೋ" ಅಂದಿತು. ಕ್ಯಾಲೆಂಡರಿನಲ್ಲಿ ಹಾಕುವಂಥ ಫೋಟೋ. ಸರ್ ಮಾತ್ರ ತಮ್ಮ ಯಾವಾಗಿನ ಪ್ರಶ್ನೆ ಕೇಳಿದರು. ಚೆನ್ನಾಗಿ ಬಂದಿರಲಿ, ಕೆಟ್ಟು ಹೋಗಿರಲಿ, ಅವರು ಕೇಳುತ್ತಿದ್ದದ್ದು ಅದೊಂದನ್ನೇ.

"ಎಲ್ಲಿ ನಿಂತು ತಗದಿ?"

"ಬದುವಿನ ಮ್ಯಾಲ ಸರ್."

"ಅವರು?"

"ಗದ್ದ್ಯಾಗ ಸರ್."

ಅಷ್ಟರಲ್ಲಿ ಮೂರನೇ ಬೆಂಚಿನ ಗೆಳತಿ ಎದ್ದು ನಿಂತಳು. ಎಡದಿಂದ ನಾಲ್ಕನೆಯದನ್ನು ತೋರಿಸಿ, "ಅದು ನಮ್ಮವ್ವ" ಅಂದಳು. ಹೆಂಗೆ ಗೊತ್ತು ಅಂತ ಯಾರೋ ಕೇಳಿದರು, ಏಕೆಂದರೆ ಫೋಟೋದಲ್ಲಿ ಒಬ್ಬರ ಮುಖವೂ ಇರಲಿಲ್ಲ, ಒಂಬತ್ತು ಬೆನ್ನು. "ತಲಿಗೆ ಸುತ್ತಿದ್ದು ನಮ್ಮಪ್ಪನ ಟವೆಲ್ಲು" ಅಂದಳು. ತರಗತಿ ಸುಮ್ಮನಾಯಿತು. ನಾನು ಅವರ ಮನೆಯಲ್ಲಿ ಎಷ್ಟೋ ಸಲ ಊಟ ಮಾಡಿದವಳು. ಹತ್ತು ಮಾರು ದೂರದಲ್ಲಿದ್ದವರು ಅವರೇ ಅಂತ ನನಗೆ ಗೊತ್ತೇ ಆಗಿರಲಿಲ್ಲ.

ಪ್ರಿಂಟ್ ಹಾಕಿಸಿ ಅವರಿಗೆ ಕೊಡಲು ಹೋದೆ. ಎರಡೂ ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದರು. ಕೈ ನೀರಿನಲ್ಲಿ ನೆನೆದು ನೆನೆದು ಬೆರಳ ತುದಿ ಬೆಳ್ಳಗೆ ಸುಕ್ಕಾಗಿದ್ದವು. "ಚಲೋ ಐತಿ ತಂಗೀ. ಆದ್ರ ಬರೇ ಬೆನ್ನ ತಗದೀಯಲ್ಲಬೇ. ನಮಗ ಮಾರಿ ಇಲ್ಲೇನು?" ಅಂದರು. ಸಿಟ್ಟಿನಿಂದ ಅಲ್ಲ, ನಗುತ್ತಲೇ.

ಮುಂದಿನ ತಿಂಗಳು ಕೇಳಿಕೊಂಡು ಕೆಸರಿಗೆ ಇಳಿದೆ. ಮೊಣಕಾಲುವರೆಗೆ ಹೂತು, ಕ್ಯಾಮೆರಾ ಎತ್ತಿ ಹಿಡಿದು ನಡೆದೆ. ನಾಟಿ ಮುಗಿದು ಕಳೆ ಕೀಳುವ ಹೊತ್ತು ಅದು. ಅವರು ನನಗಾಗಿ ಎದ್ದು ನಿಂತರು, ಸೆರಗು ಸರಿ ಮಾಡಿಕೊಂಡರು, ಮುಖ ಬಿಗಿ ಮಾಡಿಕೊಂಡರು. ಆಧಾರ್ ಕಾರ್ಡಿನ ಫೋಟೋ ಹಂಗೆ ಬಂತು. ಕ್ಯಾಲೆಂಡರ್ ಫೋಟೋದ ಮುಂದೆ ಅದು ಏನೇನೂ ಅಲ್ಲ. ಅವರ ಮನೆಯ ಗೋಡೆಯ ಮೇಲಿರುವುದು ಮಾತ್ರ ಈ ಎರಡನೆಯದೇ. ಮೊದಲನೆಯದು ಈಗಲೂ ನನಗೆ ಇಷ್ಟ. ಇಷ್ಟ ಅಂತ ಹೇಳಲು ಸ್ವಲ್ಪ ನಾಚಿಕೆಯೂ ಆಗುತ್ತದೆ. ಎರಡೂ ನಿಜ, ನನಗೆ ಇನ್ನೂ ಬಗೆಹರಿದಿಲ್ಲ.

ಹಂಪಿಗೆ ಬರುತ್ತೇನೆ. ಯಾರ ಜೇಬಿನಲ್ಲಾದರೂ ಹೊಸ 50 ರೂಪಾಯಿ ನೋಟು ಇದ್ದರೆ ತೆಗೆದು ಹಿಂದೆ ತಿರುಗಿಸಿ. ಕಲ್ಲಿನ ರಥ ಇದೆಯಲ್ಲ. ಅದರ ತಲೆ ಮಟ್ಟಸವಾಗಿದೆ. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಕಂಪನಿ ಸೈನ್ಯದ ಅಧಿಕಾರಿ ಹಂಪಿಯ ಫೋಟೋ ತೆಗೆದ. ಆಗ ಫಿಲ್ಮ್ ಇರಲಿಲ್ಲ. ಮೇಣ ಸವರಿದ ದೊಡ್ಡ ಕಾಗದವೇ ನೆಗೆಟಿವ್. ಒಂದೊಂದು ಚಿತ್ರಕ್ಕೂ ನಿಮಿಷಗಟ್ಟಲೆ ಬೆಳಕು ಕುಡಿಸಬೇಕು, ತೂಬು ಎತ್ತಿಟ್ಟು ಕಾಯುತ್ತಾ ಕೂರಬೇಕು. ಅವನ ಫೋಟೋದಲ್ಲಿ ಕಲ್ಲಿನ ರಥದ ಮೇಲೆ ಇಟ್ಟಿಗೆಯ ಗೋಪುರ ಇದೆ! ಆಮೇಲೆ ಅದು ಹೋಯಿತು. ನೋಟಿನಲ್ಲಿರುವುದು ಗೋಪುರ ಹೋದ ಮೇಲಿನ ರಥ. 1983ರಲ್ಲಿ ಆಸ್ಟ್ರೇಲಿಯಾದ ಛಾಯಾಗ್ರಾಹಕ ಜಾನ್ ಗೋಲಿಂಗ್ಸ್ ಆ ಹಳೆಯ ಫೋಟೋಗಳನ್ನು ಹಿಡಿದುಕೊಂಡು ಬಂದು, ಗ್ರೀನ್‌ಲಾ ನಿಂತ ಜಾಗಗಳನ್ನೇ ಹುಡುಕಿ, ಅಲ್ಲಿಂದಲೇ ಮತ್ತೆ ತೆಗೆದರು. ನೂರಾ ಇಪ್ಪತ್ತೇಳು ವರ್ಷದ ಮೇಲೆ ಒಬ್ಬನ ಹೆಜ್ಜೆಯ ಮೇಲೆ ಇನ್ನೊಬ್ಬ ನಿಲ್ಲುವುದು. ಸರ್ ಇದನ್ನು ಹೇಳುವಾಗ ದನಿ ಇಳಿಸುತ್ತಿದ್ದರು, ದೇವರ ಕಥೆ ಹೇಳಿದ ಹಂಗೆ.

ನಮಗೂ ಅದೇ ಕೆಲಸ ಕೊಟ್ಟರು. ಮನೆಯಿಂದ ಒಂದು ಹಳೆಯ ಫೋಟೋ ತರಬೇಕು, ತೆಗೆದವರು ಎಲ್ಲಿ ನಿಂತಿದ್ದರೋ ಹುಡುಕಬೇಕು, ಅಲ್ಲಿಂದ ಮತ್ತೆ ತೆಗೆಯಬೇಕು. ಹುಡುಕುವ ಉಪಾಯ ಇದು. ಫೋಟೋದಲ್ಲಿ ಹತ್ತಿರದ ಒಂದು ವಸ್ತು, ಅದರ ಹಿಂದೆ ದೂರದ ಒಂದು ವಸ್ತು, ಎರಡೂ ಒಂದಕ್ಕೊಂದು ತಾಗಿ ಕಾಣುವ ಜೋಡಿಯನ್ನು ಹಿಡಿಯಿರಿ. ನೀವು ಎಡಕ್ಕೆ ಒಂದು ಹೆಜ್ಜೆ ಇಟ್ಟರೆ ಜೋಡಿ ಬಿಚ್ಚಿಕೊಳ್ಳುತ್ತದೆ, ಬಲಕ್ಕೆ ಇಟ್ಟರೆ ಒಂದರ ಹಿಂದೆ ಒಂದು ಅಡಗುತ್ತದೆ. ತಾಗಿ ನಿಂತರೆ ನೀವು ಸರಿಯಾದ ಗೆರೆಯ ಮೇಲಿದ್ದೀರಿ. ಇಂಥ ಎರಡು ಜೋಡಿ ಸಿಕ್ಕರೆ ಎರಡು ಗೆರೆ, ಅವು ಕೂಡುವ ಜಾಗವೇ ಆ ಮನುಷ್ಯ ನಿಂತ ಜಾಗ. ಝೂಮ್ ತಿರುಗಿಸಿದರೆ ಇದು ಸಿಗುವುದಿಲ್ಲ. ಝೂಮ್ ಚಿತ್ರವನ್ನು ಹಿಗ್ಗಿಸುತ್ತದೆ, ಜೋಡಿಗಳನ್ನು ಅಲುಗಿಸುವುದಿಲ್ಲ. ಟೇಪು ಯಾಕೆ ಸುತ್ತಿದ್ದರು ಅಂತ ನನಗೆ ಗೊತ್ತಾದದ್ದು ಫೆಬ್ರವರಿಯಲ್ಲಿ!

ನನ್ನ ಫೋಟೋ ನಮ್ಮ ಅಜ್ಜನದು. ಕಪ್ಪು ಬಿಳುಪು, ನಮ್ಮಪ್ಪ ಇನ್ನೂ ಸಣ್ಣವನಿದ್ದಾಗಿನದು. ಗಂಗಾವತಿಯಿಂದ ಸ್ಟುಡಿಯೋದವನು ಬಂದು ತೆಗೆದದ್ದಂತೆ. ಅಜ್ಜ ರುಮಾಲು ಸುತ್ತಿಕೊಂಡು ಮನೆಯ ಕಟ್ಟೆಯ ಮೇಲೆ ನಿಂತಿದ್ದಾನೆ. ಕಟ್ಟೆಯ ಕಲ್ಲಿನ ಕಂಬ ಈಗಲೂ ಇದೆ, ಅದರ ಹಿಂದೆ ಗುಡ್ಡದ ದೊಡ್ಡ ಗುಂಡು ತಾಗಿ ಕಾಣುತ್ತದೆ, ಅದು ಒಂದು ಜೋಡಿ. ಮಾಳಿಗೆಯ ಮೂಲೆ ಮತ್ತು ಅದರಾಚೆಯ ಜೋಡಿಗುಂಡು, ಅದು ಎರಡನೆಯದು. ನಾನು ಫೋಟೋ ಹಿಡಿದುಕೊಂಡು ಹಿಂದೆ ಹಿಂದೆ ನಡೆದೆ. ಅಂಗಳ ಮುಗಿಯಿತು, ರಸ್ತೆ ಮುಗಿಯಿತು, ಎದುರು ಮನೆಯ ಗೋಡೆ ಬೆನ್ನಿಗೆ ತಾಗಿತು. ಜೋಡಿ ಇನ್ನೂ ಕೂಡಿರಲಿಲ್ಲ. ಸ್ಟುಡಿಯೋದವನು ನಿಂತ ಜಾಗ ಆ ಗೋಡೆಯ ಒಳಗಿತ್ತು.

ಆ ಮನೆಗೂ ನಮ್ಮ ಮನೆಗೂ ಮಾತಿರಲಿಲ್ಲ. ಚರಂಡಿಯ ವಿಷಯ, ನಾನು ಒಂದನೇ ತರಗತಿಯಲ್ಲಿದ್ದಾಗಿನದು. ಪಾಲಕರು ಇದ್ದೀರಿ, ನಿಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಎರಡು ದಿನ ಸುಮ್ಮನಿದ್ದೆ. ಬೇರೆ ಫೋಟೋ ತರುತ್ತೇನೆ ಅಂತ ಸರ್‌ಗೆ ಹೇಳಿದೆ. ಅವರು ಅಜ್ಜನ ಫೋಟೋ ತೆಗೆದುಕೊಂಡು ಕೆಳಗಿನ ಅಂಚಿಗೆ ಬೆರಳಿಟ್ಟು "ಇದೇನು?" ಅಂದರು. ಅಂಗಳದ ಮಣ್ಣಿನ ಮೇಲೆ ಎರಡು ನೆರಳು. ಒಂದು ಕ್ಯಾಮೆರಾ ಹಿಡಿದವನದು, ಮೊಣಕೈ ಎರಡೂ ಹೊರಗೆ ಚಾಚಿದ್ದವು. ಬಿಸಿಲು ಬೆನ್ನಿಗಿದ್ದರೆ ತೆಗೆಯುವವನ ನೆರಳು ಚಿತ್ರಕ್ಕೆ ಬರುತ್ತದೆ, ಅದು ಗೊತ್ತಿತ್ತು. ಇನ್ನೊಂದು ನೆರಳಿನ ತಲೆ ಬಹಳ ಉದ್ದ, ಮೇಲೆ ಗುಂಡಗೆ ಏನೋ. ಹದಿನಾಲ್ಕು ವರ್ಷ ಮನೆಯ ಗೋಡೆಯ ಮೇಲಿದ್ದ ಫೋಟೋ ಅದು, ನಾನು ಒಮ್ಮೆಯೂ ನೋಡಿರಲಿಲ್ಲ.

ಸಂಜೆ ಹೋಗಿ ಆ ಮನೆಯ ಬಾಗಿಲು ತಟ್ಟಿದೆ. ಅಜ್ಜಿ ತೆರೆದರು. ನಾನು ಮಾತಾಡದೆ ಫೋಟೋ ಮುಂದೆ ಹಿಡಿದೆ. ಕನ್ನಡಕ ಹಾಕಿಕೊಂಡು ನೋಡಿದರು. ನಮ್ಮಜ್ಜನ ಮೇಲೆ ಅವರ ಕಣ್ಣು ನಿಲ್ಲಲೇ ಇಲ್ಲ, ಸೀದಾ ಕೆಳಗಿನ ಅಂಚಿಗೆ ಹೋಯಿತು. "ಯವ್ವಾ, ಇದು ನಾನs. ಕೊಡ ಹೊತ್ಕೊಂಡು ಬರಾಕತ್ತಿದ್ದೆ, ಫೋಟೋ ತಗಿಯೋದು ನೋಡಾಕ ನಿಂತಿದ್ದೆ" ಅಂದರು. ಮದುವೆಯಾಗಿ ಈ ಊರಿಗೆ ಬಂದು ಆಗ ಎಂಟು ದಿನ ಆಗಿತ್ತಂತೆ. ಆಗ ಅಲ್ಲಿ ಗೋಡೆ ಇರಲಿಲ್ಲ, ಬಯಲು.

ಜಾಗ ಎಲ್ಲಿ ಸಿಕ್ಕಿತು ಅಂದರೆ, ಅವರ ಬಚ್ಚಲಿನ ಬಾಗಿಲಲ್ಲಿ. ರಸ್ತೆಯ ಕಡೆಯ ತಲೆಬಾಗಿಲು ತೆರೆದಿಟ್ಟರೆ ಅಲ್ಲಿಂದ ನೆಟ್ಟಗೆ ನಮ್ಮ ಕಟ್ಟೆ ಕಾಣುತ್ತಿತ್ತು, ಕಂಬ ಗುಂಡಿಗೆ ತಾಗುತ್ತಿತ್ತು. ಬಾಗಿಲ ಚೌಕಟ್ಟು ಎರಡೂ ಪಕ್ಕ ಅಡ್ಡ ಬರುತ್ತಿತ್ತು, ಬರಲಿ ಅಂತ ಬಿಟ್ಟೆ. ಈಗ ಕಟ್ಟೆಯ ಮೇಲೆ ಅಜ್ಜ ನಿಂತಲ್ಲಿ ಯಾರಾದರೂ ನಿಲ್ಲಬೇಕಲ್ಲ. ಅಪ್ಪ ಹೊಲಕ್ಕೆ ಹೋಗಿದ್ದ. ಅವ್ವನನ್ನು ಕರೆದೆ. ಆ ಮನೆಯ ಒಳಗಿನಿಂದ ನನ್ನ ದನಿ ಕೇಳಿ ಅವ್ವ ಹೊರಗೆ ಬಂದಳು, ಕೈಯಲ್ಲಿ ರೊಟ್ಟಿ ಹಿಟ್ಟು ಹಂಗೇ ಇತ್ತು. ಒಂದು ಮಾತೂ ಆಡದೆ ಕಟ್ಟೆ ಹತ್ತಿ ನಿಂತಳು. ಅಜ್ಜಿ ನನ್ನ ಪಕ್ಕಕ್ಕೆ ಬಂದು, ಮೂಲೆಯಲ್ಲಿದ್ದ ಪ್ಲಾಸ್ಟಿಕ್ ಕೊಡ ಎತ್ತಿ, ಖಾಲಿಯದನ್ನೇ ತಲೆಯ ಮೇಲೆ ಇಟ್ಟುಕೊಂಡರು. ಮನೆಯೊಳಗೆ ಬಿಸಿಲು ಬಾರದು, ನೆರಳು ಬೀಳುವುದಿಲ್ಲ ಅಂತ ನಾನು ಹೇಳಲಿಲ್ಲ.

ಮೂರು ಕ್ಲಿಕ್ ಒತ್ತಿದೆ. ಸೋಮವಾರ ತರಗತಿಯಲ್ಲಿ ಸರ್ ಕೇಳಿದರು, "ಎಲ್ಲಿ ನಿಂತು ತಗದಿ?" "ಬಚ್ಚಲ ಬಾಗಿಲದಾಗ ಸರ್" ಅಂದೆ. 45 ಮಕ್ಕಳು ಬಿದ್ದು ಬಿದ್ದು ನಕ್ಕರು, ಗಂಟೆ ಹೊಡೆಯುವ ತನಕ.

ಆ ಫೋಟೋ ತಂದಿದ್ದೇನೆ, ಆಮೇಲೆ ಕೈಯಿಂದ ಕೈಗೆ ದಾಟಿಸಿ ನೋಡಿ, ಅಂಚು ಹಿಡಿದುಕೊಳ್ಳಿ. ಅವ್ವ ಲೆನ್ಸಿನ ಕಡೆ ನೋಡಿಲ್ಲ. ಅದರ ಪಕ್ಕಕ್ಕೆ, ಕೊಡ ಹೊತ್ತು ನಿಂತಿದ್ದವರ ಕಡೆ ನೋಡಿದ್ದಾಳೆ. ಚರಂಡಿಯ ಜಗಳ ಇನ್ನೂ ಹಂಗೇ ಇದೆ.